ಎರಡು ಸಾಲು, ಒಂದು ಕೆಂಪು ಪಿನ್ನು

"ಈ ಎರಡು ಸಾಲು ಬರೆದದ್ದು ಯಾರು? ಎದುರಿಗೆ ಬರ್ಲಿ!"

ಬಾಂದ್ರಾ ಸ್ಟೇಷನ್ನಿನ ಎದುರಿಗಿದ್ದ ಹಳೆಯ ಬಿಲ್ಡಿಂಗಿನ ಎರಡನೇ ಮಹಡಿ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಫೋನುಗಳು ಬಡಿದುಕೊಳ್ಳುತ್ತಲೇ ಇರುತ್ತಿದ್ದವು. ಆ ಗದ್ದಲದಲ್ಲೂ ಈ ದನಿ ಎಲ್ಲರಿಗೂ ಕೇಳಿಸಿತು. ಸಾಲಾಗಿ ಕೂತು ಫೋನಿನಲ್ಲಿ ಮಾತನಾಡುತ್ತಿದ್ದ ಹುಡುಗಿಯರು ಒಟ್ಟಿಗೇ ತಲೆ ಎತ್ತಿದರು.

ಬಾಗಿಲಲ್ಲಿ ನಿಂತಿದ್ದವಳು ವಿನೋದಿನಿ. ಕುರ್ಲಾದಿಂದ ಬಂದಿದ್ದಳು. ಕೈಯಲ್ಲಿ ನೀರು ಸುರಿಯುತ್ತಿದ್ದ ಕೊಡೆ, ಸೊಂಟಕ್ಕೆ ಬಿಗಿದ ಸೆರಗು, ಬೆರಳಿನಲ್ಲಿ ಇನ್ನೂ ಹೋಗದ ಅರಿಶಿನ. ಮುಖ ಮಾತ್ರ... ಅದನ್ನು ನೋಡಿದ ಜವಾನ ತಾನಾಗಿಯೇ ಪಕ್ಕಕ್ಕೆ ಸರಿದಿದ್ದ.

"ಕ್ಯಾ ಹುವಾ, ಮೇಡಮ್?" ಎಂದಳು ಬಾಗಿಲ ಪಕ್ಕದ ಮೇಜಿನ ವಿಮಲಾ.

"ಇಲ್ಲಿ ಯಾರಿಗಾದ್ರೂ ಕನ್ನಡ ಬರ್ತದಾ? ಸಿಟ್ಟು ಬಂದಾಗ ನನಗೆ ಹಿಂದಿ ಬರುದಿಲ್ಲ!"

ಮೂಲೆಯ ಮೇಜಿನಿಂದ ಒಬ್ಬ ಎದ್ದು ನಿಂತ. ತೆಳ್ಳಗಿನ ಆಳು, ಕನ್ನಡಕ, ಅಂಗಿಯ ಜೇಬಿನಲ್ಲಿ ಇಂಕಿನ ಕಲೆ.

"ನನಗೆ ಬರುತ್ತೆ ಮೇಡಮ್. ಬರೆದಿದ್ದೂ ನಾನೇ. ತಿರುಮಲೇಶ ಅಂತ."

'ಓಹೋ, ಇವನೇನಾ!' ವಿನೋದಿನಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಈಗಿನವರಿಗೆ ಇದು ನಗು ತರಿಸಬಹುದು. ತೊಂಬತ್ತನೇ ಇಸವಿಯ ಮಾತು. ಮುಂಬಯಿಯಲ್ಲಿ ಏನು ಬೇಕಿದ್ದರೂ, ಪ್ಲಂಬರ್ ಇರಲಿ, ಶಹನಾಯಿಯವರು ಇರಲಿ, ಜನ ಈ ಆಫೀಸಿಗೆ ಫೋನ್ ಮಾಡಿ ಕೇಳುತ್ತಿದ್ದರು. ಹುಡುಗಿಯರು ಆ ಹೆಸರಿನ ಡ್ರಾಯರ್ ಎಳೆದು, ಅದರಲ್ಲಿದ್ದ ಕಾರ್ಡುಗಳನ್ನು ಓದಿ ಹೇಳುತ್ತಿದ್ದರು. ಪ್ರತಿ ಕಾರ್ಡಿನಲ್ಲೂ ಮೇಲೆ ಅಂಗಡಿಯ ಹೆಸರು, ಕೆಳಗೆ ಎರಡೇ ಎರಡು ಸಾಲು. ಯಾವ ಯಾವ ಡ್ರಾಯರಿನಲ್ಲಿ ಇಡಬೇಕು ಎಂಬುದು ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ. ಅಷ್ಟೇ! ನೀವು ಎಷ್ಟೇ ದೊಡ್ಡ ಕೆಲಸಗಾರರಾಗಿದ್ದರೂ ಫೋನಿನ ಆ ಕಡೆಯವರಿಗೆ ನೀವು ಆ ಎರಡು ಸಾಲು ಮಾತ್ರ. ಆ ಸಾಲುಗಳನ್ನು ಬರೆಯುವುದೇ ತಿರುಮಲೇಶನ ಕೆಲಸ.

ಆ ದಿನ ಬೆಳಿಗ್ಗೆ ವಿನೋದಿನಿ ಸ್ಟೇಷನ್ ಹತ್ತಿರದ ಪಿಸಿಓ ಫೋನ್ ಬೂತಿನಿಂದ, ತಾನೇ ಗಿರಾಕಿ ಎನ್ನುವ ಹಾಗೆ, ಈ ಆಫೀಸಿಗೆ ಫೋನ್ ಮಾಡಿದ್ದಳು. ಕುರ್ಲಾದಲ್ಲಿ ಸೌತ್ ಇಂಡಿಯನ್ ಅಡುಗೆಯವರು ಯಾರಿದ್ದಾರೆ ಎಂದು ಕೇಳಿದ್ದಳು. ಯಾರ್ಯಾರದೋ ಹೆಸರಾದ ಮೇಲೆ ಕಡೆಗೆ ಅವಳದು ಬಂತು. ಕೇಳಿದ್ದನ್ನು ಈಗ ಹಾಗೆಯೇ ತಿರುಮಲೇಶನಿಗೆ ಒಪ್ಪಿಸಿದಳು.

"'ಕುರ್ಲಾದ ಚಾಳಿನ ಮನೆ ಅಡುಗೆ. ಅಗ್ಗದ ದರ, ಸಣ್ಣಪುಟ್ಟ ಸಮಾರಂಭಕ್ಕೆ ಆಗಬಹುದು.' ಆಗಬಹುದು ಅಂತೆ! ಎಂತ ಆಗಬಹುದು? ನೀವು ನಮ್ಮ ಊಟ ತಿಂದಿದ್ದೀರಾ?"

"ಇಲ್ಲ."

"ನಮ್ಮ ಅಡುಗೆಮನೆ ನೋಡಿದ್ದೀರಾ?"

"ಇಲ್ಲ ಮೇಡಮ್. ನಮ್ಮ ಏಜೆಂಟ್ ತಂದು ಕೊಟ್ಟ ವಿವರ ನೋಡಿ..."

"ನೋಡದೆ, ತಿನ್ನದೆ, ಇಲ್ಲಿ ಫ್ಯಾನಿನ ಕೆಳಗೆ ಕೂತು ನನ್ನನ್ನು ಸಣ್ಣಪುಟ್ಟ ಅಂತ ಬರೀಲಿಕ್ಕೆ ನೀವು ಯಾರು? ನನ್ನ ಅಪ್ಪ ಪೂವಪ್ಪ ಅಂದ್ರೆ ಫೋರ್ಟಿನ ಹೋಟೆಲುಗಳಲ್ಲಿ ಕೇಳಿ, ಗೊತ್ತಿಲ್ಲದವರಿಲ್ಲ!"

ತಿರುಮಲೇಶ ತಲೆ ತಗ್ಗಿಸಿ ಆ ಹೆಸರನ್ನು ಬರೆದುಕೊಂಡ. ತಿರುಗಿ ಜಗಳವಾಡದವರನ್ನು ಕಂಡರೆ ವಿನೋದಿನಿಗೆ ಸಿಟ್ಟು ಇನ್ನೂ ಏರುತ್ತಿತ್ತು.

"ಈಗಲೇ ಬದಲಿಸಿ. ಮದುವೆ, ಸೀಮಂತ, ಆಫೀಸಿನ ಡಬ್ಬಿ, ಚೈನೀಸ್... ಎಲ್ಲಾ ಡ್ರಾಯರಿನಲ್ಲೂ ನಮ್ಮ ಹೆಸರು ಹಾಕಿ!"

"ಚೈನೀಸ್ ಮಾಡ್ತೀರಾ?"

"...ಇಲ್ಲ."

"ಮತ್ತೆ ಹೇಗೆ ಹಾಕ್ಲಿ? ನೂಡಲ್ಸ್ ಕೇಳಿದೋರಿಗೆ ನಿಮ್ಮ ಹೆಸರು ಓದಿದ್ರೆ ಅವರು ನಿಮಗೂ ಬೈತಾರೆ, ನಮಗೂ ಬೈತಾರೆ. ನಾಳೆ ಸಾರು ಕೇಳೋರಿಗೆ ಓದಿದ್ರೂ ನಂಬಲ್ಲ. ಎಲ್ಲಾ ಡ್ರಾಯರ್‌ನಲ್ಲೂ ಇರೋ ಹೆಸರನ್ನ ಜನ ಯಾವ ಡ್ರಾಯರ್‌ನಲ್ಲೂ ನಂಬಲ್ಲ ಮೇಡಮ್."

ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ಅವಳಿಗೆ ಮೈ ಉರಿಯಿತು. ಏನಾದರೂ ತಪ್ಪು ಹುಡುಕಬೇಕೆಂದು ಅವನ ಮೇಜಿನ ಮೇಲಿನ ತೆರೆದ ಡ್ರಾಯರ್ ನೋಡಿದಳು. ಕೆಲವು ಕಾರ್ಡುಗಳ ತಲೆಯ ಮೇಲೆ ಕೆಂಪು ಪಿನ್ನು ಚುಚ್ಚಿತ್ತು.

"ಇದೆಂತದು? ಹೆಚ್ಚು ಲಂಚ ಕೊಟ್ಟವರದ್ದಾ?"

ವಿಮಲಾ ಕಿಸಕ್ಕೆಂದಳು. ಅವಳಿಗೂ ಕನ್ನಡ ಬರುತ್ತಿತ್ತು ಎಂಬುದು ಆಗ ಗೊತ್ತಾಯಿತು. ಇಷ್ಟು ಹೊತ್ತು ಬುದ್ಧಿವಂತಿಕೆಯಿಂದ ಸುಮ್ಮನಿದ್ದಳು, ಅಷ್ಟೇ.

"ಅಲ್ಲ. ಪಿನ್ ಇದ್ರೆ ಆ ಕಾರ್ಡನ್ನ ಓದೋ ಹಾಗಿಲ್ಲ," ಎಂದ ತಿರುಮಲೇಶ. "ಊರಿಗೆ ಹೋದವರು, ಕೈತುಂಬ ಕೆಲಸ ಇದ್ದು ಸದ್ಯಕ್ಕೆ ಬೇಡ ಅಂದವರು... ಆ ಕಾರ್ಡಿನ ಮಾಲೀಕರು ಹೇಳಿದ್ರೆ ಪಿನ್ ಹಾಕ್ತೀವಿ, ಅವರು ಹೇಳಿದಾಗ ತೆಗೀತೀವಿ."

"ನನಗೆ ಕೆಲಸ ಬೇಡ ಅನ್ನುವ ದಿನ ಬರುದೇ ಇಲ್ಲ. ಭಾನುವಾರ ಕುರ್ಲಾಕ್ಕೆ ಬನ್ನಿ. ನೋಡಿ, ತಿನ್ನಿ, ಆಮೇಲೆ ಬರೀರಿ. ಬರುವ ಧೈರ್ಯ ಉಂಟಾ?"

"ಬರ್ತೀನಿ."

ಅಷ್ಟು ಸುಲಭವಾಗಿ ಒಪ್ಪಿದರೆ ಜಗಳ ಮುಂದುವರಿಸುವುದಾದರೂ ಹೇಗೆ? ಕೊಡೆ ಝಾಡಿಸಿಕೊಂಡು ವಿನೋದಿನಿ ಮೆಟ್ಟಿಲಿಳಿದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಪೂವಪ್ಪನ ಬಲಗೈ ಸ್ವಾಧೀನ ತಪ್ಪಿದ ಮೇಲೆ ಹೋಟೆಲಿನ ಕೆಲಸ ಹೋಯಿತು. ತಾಯಿ ಮೊದಲೇ ಇರಲಿಲ್ಲ. ಉಳಿದದ್ದು ಚಾಳಿನ ಕೆಳಗಿನ ಒಂದು ಖೋಲಿ, ಅದರಲ್ಲಿ ಎರಡು ದೊಡ್ಡ ಒಲೆ, ಅಪ್ಪನ ನಾಲಿಗೆ, ಮಗಳ ಕೈ. ಖೋಲಿಯ ಒಡೆಯ ಸೇಠ್ ಅದನ್ನು ಗೋಡೌನ್ ಮಾಡಲು ಹೊಂಚು ಹಾಕುತ್ತಿದ್ದ. "ದಸರೆ ತನಕ ನೋಡ್ತೇನೆ. ಒಲೆ ಉರೀತಾ ಇದ್ರೆ ನಿಮ್ಮದು, ಆರಿದ್ರೆ ನನ್ನದು," ಎಂದು ಹೇಳಿ ಹೋಗಿದ್ದ.

ಒಲೆ ಆರಿದ ದಿನ ಅಪ್ಪನೂ ಆರಿಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಯಾರ ಮುಂದೆ ಹೇಳುವುದು? ಹೇಳದ ಮಾತುಗಳೆಲ್ಲ ಸಿಟ್ಟಾಗಿ ಹೊರಗೆ ಬರುತ್ತಿದ್ದವು.

*

ಭಾನುವಾರ ತಿರುಮಲೇಶ ನಿಜವಾಗಿಯೂ ಬಂದ.

ಚಾಳಿನ ಬಾಯಲ್ಲೇ ಹಣಮಂತನ ಹಿಟ್ಟಿನ ಗಿರಣಿ. ವಿನೋದಿನಿಯ ಕಾರ್ಡಿನಲ್ಲಿದ್ದ ಫೋನ್ ನಂಬರು ಆ ಗಿರಣಿಯದೇ. ಆಗೆಲ್ಲ ಹಾಗೆಯೇ, ಇಡೀ ಚಾಳಿಗೆ ಒಂದು ಫೋನು, ಬಂದರೆ ಕೂಗಿ ಕರೆಯುವುದು.

"ಏ ವಿನೋದವ್ವಾ!" ಎಂದು ಹಣಮಂತ ಹಿಟ್ಟು ಮೆತ್ತಿದ ಮೀಸೆಯಲ್ಲಿ ಕೂಗಿದ. "ಯಾರೋ ಕನ್ನಡಕದ ಸಾಹೇಬ್ರು ಬಂದಾರ ನೋಡು. ಬೈಸ್ಕೊಳ್ಳಾಕ ಬಂದೇನಿ ಅಂತಾರ!"

ಪೂವಪ್ಪ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ಚಮಚ ಹಿಡಿದು ಒಂದೊಂದನ್ನೇ ರುಚಿ ನೋಡುತ್ತಿದ್ದ. ಅವನು ತಲೆ ಆಡಿಸುವವರೆಗೆ ಯಾವ ಪಾತ್ರೆಯೂ ಒಲೆಯಿಂದ ಇಳಿಯುವಂತಿರಲಿಲ್ಲ. ಅದು ಆ ಮನೆಯ ಕಟ್ಟಳೆ.

ವಿನೋದಿನಿ ಎಲೆ ಹಾಕಿದಳು. ಪತ್ರೊಡೆ, ತೆಂಗಿನಕಾಯಿ ಅರೆದು ಮಾಡಿದ ಬೂದುಗುಂಬಳದ ಕೊದ್ದೆಲ್, ಸಾರು, ಕಡಲೆಬೇಳೆ ಪಾಯಸ. ತಿರುಮಲೇಶ ಪ್ರಶ್ನೆಗಳನ್ನೂ ಬಡಿಸಿಕೊಂಡೇ ಕೂತ.

"ಒಂದು ಹೊತ್ತಿಗೆ ಎಷ್ಟು ಜನಕ್ಕೆ ಮಾಡಬಹುದು? ಬಡಿಸೋಕೆ ಜನ ನಿಮ್ಮವರೇನಾ? ಏನೇನು ಮಾಡೋಕಾಗಲ್ಲ?"

"ಎಂತ ಮಾರಾಯ್ರೇ, ಬರುದನ್ನು ಕೇಳುದು ಬಿಟ್ಟು ಬಾರದ್ದನ್ನು ಕೇಳ್ತೀರಿ!"

"ಆಗದ್ದು ಯಾವುದು ಅಂತ ಗೊತ್ತಾದ್ರೆ, ಆಗೋದನ್ನ ಧೈರ್ಯವಾಗಿ ಬರೀಬಹುದು ನೋಡಿ."

ಮತ್ತೆ ಸರಿಯಾದ ಮಾತು! ಸಿಟ್ಟಿನ ಭರದಲ್ಲಿ ವಿನೋದಿನಿ, ಅಪ್ಪ ರುಚಿ ನೋಡಿ ಆಗಿದ್ದ ಸಾರಿಗೆ ಇನ್ನೊಮ್ಮೆ ಉಪ್ಪು ಹಾಕಿ ಬಡಿಸಿಬಿಟ್ಟಳು. ತಿರುಮಲೇಶ ಒಂದು ಕ್ಷಣ ತಡೆದ. ಆಮೇಲೆ ಏನೂ ಹೇಳದೆ ಎಲೆಯಲ್ಲಿ ಒಂದಗುಳೂ ಬಿಡದೆ ಉಂಡು, ಎರಡು ಲೋಟ ನೀರು ಕುಡಿದು ಎದ್ದ.

ಹೊರಡುವ ಮುಂಚೆ ಜೇಬಿನಿಂದ ಕಾರ್ಡು ತೆಗೆದು ಬರೆದು, ಪೂವಪ್ಪನಿಗೆ ಓದಿ ಹೇಳಿದ. "ಇದನ್ನೇ ಹಿಂದಿ, ಇಂಗ್ಲಿಷಿನಲ್ಲೂ ಮಾಡಿಸ್ತೀನಿ. ಕೇಳಿ... 'ಪೂವಪ್ಪ ಅಡುಗೆ, ಕುರ್ಲಾ. ದಕ್ಷಿಣ ಕನ್ನಡದ ಸಸ್ಯಾಹಾರಿ ಊಟ, ಎಲೆ ಹಾಕಿ ಬಡಿಸಿಕೊಡುತ್ತಾರೆ. ಅಪ್ಪ ರುಚಿ ನೋಡದೆ ಮಗಳು ಪಾತ್ರೆ ಇಳಿಸುವುದಿಲ್ಲ.'"

ಪೂವಪ್ಪ ಚಮಚ ಹಿಡಿದ ಎಡಗೈಯಿಂದಲೇ ಕಣ್ಣೊರೆಸಿಕೊಂಡ.

"ಮಗಾ," ಎಂದ ಮಗಳಿಗೆ, "ನಾನಿನ್ನೂ ಕೆಲಸದಲ್ಲಿದ್ದೇನೆ ಅಂತ ಇವರು ಬರೆದಿದ್ದಾರೆ."

ವಿನೋದಿನಿ ಒಲೆಯ ಕಡೆ ತಿರುಗಿ ನಿಂತಳು. ಹೊಗೆಯಿಂದ ಕಣ್ಣಲ್ಲಿ ನೀರು ಬಂತು ಎಂದು ಹೇಳಬಹುದಿತ್ತು. ಒಲೆ ಮಾತ್ರ ಆಗಲೇ ಆರಿತ್ತು.

ಅವನು ಹೋದ ಮೇಲೆ ತಾನೂ ಊಟಕ್ಕೆ ಕೂತಳು. ಮೊದಲ ತುತ್ತಿಗೇ ಮುಖ ಕಿವುಚಿದಳು. 'ಅಯ್ಯೋ ದೇವರೇ, ಇಷ್ಟು ಉಪ್ಪು! ಈ ಮನುಷ್ಯ ಇದನ್ನು ಹೇಗೆ ಉಂಡ?'

*

ಶ್ರಾವಣ ಬಂದ ಹಾಗೆ ಗಿರಣಿಯ ಫೋನು ಬಡಿದುಕೊಳ್ಳತೊಡಗಿತು. ಸತ್ಯನಾರಾಯಣ ಪೂಜೆ, ನಾಮಕರಣ, ಗೃಹಪ್ರವೇಶ. "ಏ ವಿನೋದವ್ವಾ, ಲಗೂನ ಬಾ, ಮತ್ತೊಂದು ಫೋನ್ ಬಂದೈತಿ!" ಎಂದು ಕೂಗಿ ಕೂಗಿ ಹಣಮಂತನ ಗಂಟಲು ಕಟ್ಟಿತು. ಫೋನ್ ಮಾಡಿದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: "ನಿಮ್ಮ ತಂದೆಯೇ ರುಚಿ ನೋಡ್ತಾರಂತಲ್ಲ, ನಿಜವಾ?"

ವಡಾಲದ ಕಾಲೊನಿಯ ಸುಬ್ಬಲಕ್ಷ್ಮಮ್ಮನವರಂತೂ ಒಂದು ಪೂಜೆಯ ಊಟ ಮಾಡಿಸಿದ ಮೇಲೆ ಇವಳನ್ನು ಮಗಳೇ ಎಂದು ಕರೆಯತೊಡಗಿದರು.

ತಿರುಮಲೇಶ ಪ್ರತಿ ಭಾನುವಾರ ಬರುತ್ತಿದ್ದ. ಮೊದಮೊದಲು ನೆಪಗಳಿರುತ್ತಿದ್ದವು; ಕಾರ್ಡಿನಲ್ಲಿ ಒಂದು ಪದ ಬದಲಿಸಬೇಕು, ಹೊಸ ಡ್ರಾಯರ್ ಮಾಡಿದ್ದೇವೆ... ಆಮೇಲೆ ನೆಪ ಮುಗಿದರೂ ಬರುವುದು ನಿಲ್ಲಲಿಲ್ಲ. ಅವನು ಮೈಸೂರಿನವನು; ಪೂವಪ್ಪನ ಜೊತೆ ಮೈಸೂರಿನ ಸಾರು ದೊಡ್ಡದೋ ಮಂಗಳೂರಿನದೋ ಎಂದು ವಾದ. ವಿನೋದಿನಿಯ ಜೊತೆ ಮಾತಿಗಿಂತ ಮೌನ ಹೆಚ್ಚು.

'ಇವರು ಬರುವ ದಿನ ನಾನ್ಯಾಕೆ ಎರಡು ಸಲ ತಲೆ ಬಾಚುತ್ತೇನೆ?' ಎಂದು ತನ್ನ ಮೇಲೆಯೇ ರೇಗಿಕೊಳ್ಳುತ್ತಿದ್ದಳು.

ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಅವಳ ಮೈಯಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಒಂದು ಸಂಜೆ ಗಂಜಿ ಬಸಿಯುವಾಗ ಪಾತ್ರೆ ಜಾರಿ ಮುಂಗೈ ಸುಟ್ಟಿತು. ಯಾವುದೋ ಕೆಲಸಕ್ಕೆ ಕುರ್ಲಾಕ್ಕೆ ಬಂದಿದ್ದ ತಿರುಮಲೇಶ ಆಗಲೇ ಅಲ್ಲಿಗೆ ಕಾಲಿಟ್ಟ. ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದ. ಅಪ್ಪ ಒಳಗೆ ಮಲಗಿದ್ದ.

ಅಷ್ಟರಲ್ಲಿ ಗಿರಣಿಯಿಂದ ಕೂಗು ಬಂತು. "ವಿನೋದವ್ವಾ, ಫೋನ್!"

ವಿನೋದಿನಿ ನಲ್ಲಿಯ ಪಕ್ಕದಲ್ಲೇ ಕುಸಿದು ಕೂತಳು.

"ಸಾಕು... ಸಾಕಾಗಿ ಹೋಯ್ತು ನನಗೆ. ಆ ಫೋನು ಇನ್ನು ಬಾರದಿದ್ರೆ ಸಾಕಿತ್ತು!"

ಅಳು ಒತ್ತರಿಸಿ ಬಂತು. ತಾಯಿ ಸತ್ತಾಗ ಅಪ್ಪನಿಗಾಗಿ ಅಳದೆ ಉಳಿದವಳು, ಅಪ್ಪನ ಕೈ ಬಿದ್ದಾಗ ಆಸ್ಪತ್ರೆಯಲ್ಲಿ ಅಳದೆ ನಿಂತವಳು, ಈ ಕನ್ನಡಕದ ಮನುಷ್ಯನ ಮುಂದೆ ಬಿಕ್ಕಿಬಿಕ್ಕಿ ಅತ್ತಳು.

ತಿರುಮಲೇಶ ಅಳು ನಿಲ್ಲುವವರೆಗೆ ಅವಳ ಸುಟ್ಟ ಕೈಯನ್ನು ನೀರಿನ ಕೆಳಗೆ ಹಿಡಿದೇ ಇದ್ದ.

ಮಾರನೆಯ ದಿನದಿಂದ ಗಿರಣಿಯ ಫೋನಿನಲ್ಲಿ ಅವಳ ಹೆಸರು ಬರುವುದು ನಿಂತಿತು.

*

'ಪಿತೃಪಕ್ಷ ಅಲ್ಲವಾ, ಶುಭಕಾರ್ಯ ಇಲ್ಲ, ಅದಕ್ಕೇ...' ಎಂದು ಸಮಾಧಾನ ಮಾಡಿಕೊಂಡಳು. ಆದರೂ ನವರಾತ್ರಿಗೆ ಜನ ಈಗಲೇ ತಾನೇ ಹೇಳಿಡಬೇಕು?

ಭಾನುವಾರ ತಿರುಮಲೇಶ ಬಂದಾಗ ನಗುನಗುತ್ತಾ ಕೂತಳು. ಅಪ್ಪನಿಗೆ ಭಯ ಗೊತ್ತಾಗಬಾರದಲ್ಲ! ಸೇಠ್ ಹಿಂದಿನ ದಿನವೇ ಬಂದು, ತಣ್ಣಗಿದ್ದ ಒಲೆಯ ಮೇಲೆ ಅಂಗೈ ಆಡಿಸಿ, ಏನೂ ಹೇಳದೆ ಖೋಲಿಯ ಗೋಡೆ ಅಳೆದು ಹೋಗಿದ್ದ. ಅವಳ ಎದೆಯಲ್ಲಿ ನಡುಕ, ಮುಖದಲ್ಲಿ ನಗು. ತಿರುಮಲೇಶನಿಗೆ ಕಂಡದ್ದು ನಗು ಮಾತ್ರ. ಆ ಮಧ್ಯಾಹ್ನ ಇಬ್ಬರೂ ಮೊದಲ ಸಲ ಮನಬಿಚ್ಚಿ ಮಾತನಾಡಿದರು. ಅವನು ಎದ್ದು ಹೋದದ್ದು ದೀಪ ಹಚ್ಚುವ ಹೊತ್ತಿಗೆ.

ಎರಡು ದಿನದ ಮೇಲೆ ಮಾಟುಂಗದ ಮಾರ್ಕೆಟ್ಟಿನಲ್ಲಿ ಸುಬ್ಬಲಕ್ಷ್ಮಮ್ಮ ಸಿಕ್ಕರು.

"ಏನಮ್ಮಾ ವಿನೋದಿನಿ, ಅಡುಗೆ ನಿಲ್ಲಿಸಿಬಿಟ್ಟೆಯಂತೆ?"

"ಯಾರು ಹೇಳಿದ್ದು ಅಮ್ಮಾ?"

"ನಮ್ಮವರಿಗೆ ಅರವತ್ತು ತುಂಬುತ್ತೆ, ನವರಾತ್ರಿ ಕಳೆದ ಕೂಡಲೇ ಶಾಂತಿ. ನಿನ್ನ ನಂಬರು ಎಲ್ಲೋ ಕಳೆದುಹೋಗಿತ್ತು. ಬಾಂದ್ರಾದ ಆ ಆಫೀಸಿಗೆ ಫೋನ್ ಮಾಡಿ ನಿನ್ನ ಹೆಸರು ಹಿಡಿದೇ ಕೇಳಿದೆ ಕಣಮ್ಮ. 'ಅವರ ಕಾರ್ಡಿಗೆ ಪಿನ್ ಹಾಕಿದೆ, ಈಗ ಕೆಲಸ ತಗೊಳ್ತಾ ಇಲ್ಲ' ಅಂದಳು ಹುಡುಗಿ. ಇನ್ನೇನು ಮಾಡ್ಲಿ, ಬೇರೆಯವರಿಗೆ ಹೇಳಿಬಿಟ್ವಿ."

ಪಿನ್!

ವಿನೋದಿನಿ ತರಕಾರಿ ಚೀಲವನ್ನು ಅಂಗಡಿಯವನ ಹತ್ತಿರವೇ ಬಿಟ್ಟು ಸ್ಟೇಷನ್ನಿನ ಕಡೆ ನಡೆದಳು. ಗಾಡಿಯಲ್ಲಿ ಬಾಗಿಲ ಕಂಬಿ ಹಿಡಿದು ನಿಂತವಳಿಗೆ ಪಕ್ಕದವರ ಮೊಣಕೈ ತಿವಿದದ್ದೂ ಗೊತ್ತಾಗಲಿಲ್ಲ.

'ಆ ಕೈ ಅಲ್ಲವಾ ನನ್ನ ಕೈ ಹಿಡಿದದ್ದು? ಅದೇ ಕೈಯಲ್ಲಿ...!'

*

"ನನ್ನ ಕಾರ್ಡಿಗೆ ಪಿನ್ ಹಾಕಿದ್ದು ಯಾರು?"

ಈ ಸಲ ಅವಳು ಕೂಗಲಿಲ್ಲ. ಮೆಲ್ಲಗೆ ಕೇಳಿದಳು. ಅದಕ್ಕೇ ಏನೋ, ವಿಮಲಾ ಮಾತನಾಡುತ್ತಿದ್ದ ಫೋನನ್ನು ಅರ್ಧಕ್ಕೇ ಇಟ್ಟುಬಿಟ್ಟಳು.

ತಿರುಮಲೇಶನ ಮುಖ ಬಿಳಿಚಿತು. ಆದರೂ ತಪ್ಪಿಸಿಕೊಳ್ಳಲಿಲ್ಲ.

"ನಾನೇ."

"ಯಾಕೆ?"

"ನೀವು ಅವತ್ತು ಹೇಳಿದ್ರಿ... ಫೋನು ಬರದಿದ್ರೆ ಸಾಕು ಅಂತ. ನಿಮ್ಮ ಕೈ ಸುಟ್ಟಿತ್ತು. ನಾಲ್ಕು ದಿನ ಸುಧಾರಿಸಿಕೊಳ್ಳಿ ಅಂತ..."

"ನಾನು ಹೇಳಿದೆನಾ? ನನ್ನ ಕಾರ್ಡನ್ನು ಮುಚ್ಚಿ ಅಂತ ಹೇಳಿದೆನಾ? ಸೇಠ್ ಬಂದು ಗೋಡೆ ಅಳೆದು ಹೋದ, ಗೊತ್ತುಂಟಾ ನಿಮಗೆ? ನನ್ನ ಅಪ್ಪ ದಿನಾ ಬೆಳಿಗ್ಗೆ ಚಮಚ ತೊಳೆದು ಹಿಡ್ಕೊಂಡು ಕೂತ್ಕೊಳ್ತಾರೆ, ರುಚಿ ನೋಡ್ಲಿಕ್ಕೆ ಎಂತದೂ ಇಲ್ಲ! ಮೊದಲು ನೋಡದೆ ನನ್ನನ್ನು ಸಣ್ಣಪುಟ್ಟ ಅಂತ ಬರೆದ್ರಿ. ಈಗ ನೋಡಿ, ತಿಂದು, ಪೂರ್ತಿ ಇಲ್ಲದ ಹಾಗೇ ಮಾಡಿದ್ರಿ. ನನ್ನನ್ನು ಕಾಪಾಡ್ಲಿಕ್ಕೆ ನಿಮಗೆ ಹೇಳಿದ್ದು ಯಾರು?"

"ತಪ್ಪಾಯ್ತು. ಆದ್ರೆ ನೀವೇ ಬಾಯಿಬಿಟ್ಟು ಹೇಳಿದ ಮೇಲೆ..."

"ನಾನು ಅದನ್ನು ಆಫೀಸಿಗೆ ಹೇಳಿದ್ದಲ್ಲ! ನಿಮಗೆ ಹೇಳಿದ್ದು!"

ಸಾಲಾಗಿ ಕೂತ ಹುಡುಗಿಯರೆಲ್ಲ ಇವರ ಕಡೆ ತಿರುಗಿದರು.

ತಾನು ಏನು ಹೇಳಿದೆ ಎಂದು ಅವಳಿಗೂ ಆಗಲೇ ಅರ್ಥವಾಯಿತು. ಮುಖ ಕೆಂಪಾಯಿತು. ಕಣ್ಣು ತುಂಬಿತು. ಸಿಟ್ಟೋ, ನಾಚಿಕೆಯೋ, ನೋವೋ... ಮೂರೂ ಇದ್ದವು.

"ಅಪ್ಪನಿಗೂ ಹೇಳದ ಮಾತು," ಎಂದಳು. "ಒಬ್ಬರ ಹತ್ತಿರವಾದ್ರೂ ಸಾಕಾಯ್ತು ಅಂತ ಹೇಳ್ಬಹುದು ಅಂದ್ಕೊಂಡೆ. ಕೇಳಿ ಸುಮ್ಮನಿದ್ರೆ ಸಾಕಿತ್ತು. ನೀವು ಅದನ್ನು ತೆಗೊಂಡು ಹೋಗಿ ಡ್ರಾಯರಿಗೆ ಹಾಕಿದ್ರಿ!"

ತಿರುಮಲೇಶ ಕನ್ನಡಕ ತೆಗೆದ.

"ಇನ್ನೊಂದು ಮಾತು ಹೇಳದಿದ್ರೆ ಅದು ಸುಳ್ಳಾಗುತ್ತೆ. ನಾಲ್ಕು ದಿನ ಆದ ಮೇಲೆ ಪಿನ್ ತೆಗೀಬೇಕು ಅಂತಲೇ ಇದ್ದೆ. ಭಾನುವಾರ ನೀವು ನಗ್ತಾ ಕೂತಿದ್ರಿ, ನನ್ನ ಜೊತೆ ಸಂಜೆವರೆಗೂ ಮಾತಾಡಿದ್ರಿ. ತೆಗೆದ್ರೆ ನೀವು ಮತ್ತೆ ಕೆಲಸದಲ್ಲಿ ಮುಳುಗ್ತೀರಿ, ನನಗೆ ಸಿಗಲ್ಲ ಅನ್ನಿಸ್ತು. ಮೊದಲನೇ ದಿನ ನಿಮಗೋಸ್ಕರ ಹಾಕಿದೆ. ಆಮೇಲೆ ತೆಗೀದೆ ಬಿಟ್ಟಿದ್ದು ನನಗೋಸ್ಕರ. ಅದು ದೊಡ್ಡ ತಪ್ಪು."

ಇಂಥ ಮಾತನ್ನು ಇಂಥ ಹೊತ್ತಿನಲ್ಲಿ ಹೇಳುವ ಗಂಡಸು ಬುದ್ಧಿವಂತನಂತೂ ಅಲ್ಲ. ಆದರೆ ಸುಳ್ಳುಗಾರನೂ ಅಲ್ಲ. ವಿನೋದಿನಿಗೆ ಅದು ಕೇಳಿಸಿತು, ಎದೆಗೆ ನಾಟಿತು. ಆದರೂ ಆ ಕ್ಷಣದಲ್ಲಿ ಅವಳಿಗೆ ಬೇಕಾಗಿದ್ದದ್ದು ಪ್ರೀತಿಯಲ್ಲ, ಒಲೆಯ ಬೆಂಕಿ.

"ಕಾರ್ಡು ಕೊಡಿ."

ಅವನು ಕೊಟ್ಟ. ಅವಳೇ ಪಿನ್ ಕಿತ್ತು ಅವನ ಮೇಜಿನ ಮೇಲಿಟ್ಟಳು. ಕಾರ್ಡನ್ನು ವಿಮಲಾಳ ಕೈಗೆ ಕೊಟ್ಟಳು.

"ನನ್ನ ಬಗ್ಗೆ ಇನ್ನು ಎಂತ ಮಾಡುದಿದ್ರೂ ನನ್ನನ್ನು ಕೇಳಿ ಮಾಡಿ. ನೀವು ಇನ್ನು ಕುರ್ಲಾಕ್ಕೆ ಬರಬೇಡಿ."

ಮೆಟ್ಟಿಲು ಇಳಿಯುವಾಗ ತಿರುಗಿ ನೋಡಲಿಲ್ಲ. ನೋಡಬಾರದೆಂದು ಹಟ ಹಿಡಿದಿದ್ದಳು.

*

ಮಾರನೆಯ ದಿನ ಮಧ್ಯಾಹ್ನ ಗಿರಣಿಯಿಂದ ಕೂಗು ಬಂತು.

"ಏ ವಿನೋದವ್ವಾ! ಫೋನ್!"

ಓಡಿದಳು. ವಡಾಲದ ಸುಬ್ಬಲಕ್ಷ್ಮಮ್ಮ.

"ಅಲ್ಲಮ್ಮಾ, ಅದ್ಯಾರು ಆ ಹುಡುಗ? ಬಾಂದ್ರಾದ ಆಫೀಸಿನಿಂದ ಫೋನ್ ಮಾಡಿದ್ದ. 'ನೀವು ಕೇಳಿದಾಗ ಓದಬೇಕಾಗಿದ್ದ ಒಂದು ಹೆಸರನ್ನ ನಾವು ಓದಲಿಲ್ಲ. ಅವರು ಕೆಲಸ ನಿಲ್ಲಿಸಿರಲಿಲ್ಲ. ತಪ್ಪು ಅವರದಲ್ಲ, ನನ್ನದು' ಅಂದ. ನಿನಗೇ ಕೊಡಿ ಅಂತ ಒಂದು ಮಾತೂ ಅನ್ನಲಿಲ್ಲ, ಬರೀ ಕ್ಷಮೆ ಕೇಳಿದ. ನೋಡು, ಶಾಂತಿಯ ಊಟ ಬೇರೆಯವರಿಗೆ ಹೇಳಾಗಿದೆ, ಮಾತು ತಪ್ಪೋಕಾಗಲ್ಲ. ಆದರೆ ನವರಾತ್ರಿ ಪೂರ್ತಿ ಕಾಲೊನಿಯ ದೇವಿ ಪೂಜೆಗೆ ಪ್ರಸಾದ ಬೇಕು. ಮಾಡ್ತೀಯಾ?"

ಸಂಜೆಯೊಳಗೆ ಇನ್ನೂ ಫೋನುಗಳು ಬಂದವು. ಚೆಂಬೂರು, ಸಯಾನ್, ಘಾಟ್‌ಕೋಪರ್. ಎಲ್ಲರೂ ಹೇಳಿದ್ದು ಅದೇ. ಯಾರೋ ಒಬ್ಬರು ತಾವಾಗಿ ಫೋನ್ ಮಾಡಿ, ತಪ್ಪು ನನ್ನದು ಎಂದರಂತೆ.

ಬಂದ ಪ್ರತಿ ಕರೆಯ ನಂಬರನ್ನು ಆ ಆಫೀಸಿನಲ್ಲಿ ಗುರುತು ಹಾಕಿಡುತ್ತಿದ್ದರು. ತಿರುಮಲೇಶ ಊಟದ ಹೊತ್ತಿನಲ್ಲಿ ಅವನ್ನೆಲ್ಲ ಹುಡುಕಿ, ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದ.

ವಿನೋದಿನಿಗೆ ಮತ್ತೆ ಸಿಟ್ಟು ಬಂತು. ಈ ಸಲ ಸಿಟ್ಟು ಮಾಡಿಕೊಳ್ಳಲು ಕಾರಣವೇ ಸಿಗಲಿಲ್ಲ. 'ನನಗಾಗಿ ಕೆಲಸ ಬೇಡಲಿಲ್ಲ... ನನ್ನ ಹೆಸರಿಗೆ ಬಿದ್ದ ಸುಳ್ಳನ್ನು ತೊಳೆದರು, ಅಷ್ಟೇ. ಆಫೀಸಿನವರು ಸುಮ್ಮನೆ ಬಿಟ್ಟಾರಾ ಇವರನ್ನು?'

ನವರಾತ್ರಿಯಲ್ಲಿ ಎರಡು ಒಲೆಯೂ ಉರಿದವು. ದಸರೆಯ ದಿನ ಸೇಠ್ ಬಂದ. ಕೊದ್ದೆಲ್ಲಿನ ಘಮ ಚಾಳಿನ ಬಾಯಿಯವರೆಗೆ ಹಬ್ಬಿತ್ತು. ಸ್ಟೂಲಿನ ಮೇಲಿದ್ದ ಪೂವಪ್ಪ ಎಡಗೈಯಿಂದ ಚಮಚ ಎತ್ತಿ, "ಆವೋ ಸೇಠ್, ಚಖ್ ಕೇ ದೇಖೋ," ಎಂದು ರುಚಿ ನೋಡಲು ಕರೆದ. ಸೇಠ್ ಎರಡು ಸಲ ಹಾಕಿಸಿಕೊಂಡು ತಿಂದ. ಗೋಡೆಯ ಮಾತು ಎತ್ತದೆ ಹೋದ.

ಪೂವಪ್ಪ ಮಗಳನ್ನು ನೋಡಿದ.

"ಮಗಾ, ಸಾರಿಗೆ ಇವತ್ತು ಉಪ್ಪೇ ಇಲ್ಲ. ಮೂರು ಭಾನುವಾರದಿಂದ ಹೀಗೇ. ಆ ಮೈಸೂರಿನವರು ಯಾಕೆ ಬರ್ತಾ ಇಲ್ಲ?"

"ನಾನೇ ಬರಬೇಡಿ ಅಂದೆ ಅಪ್ಪ."

"ಈಗ?"

ಅವಳು ಕೈ ಒರೆಸಿಕೊಂಡು ಗಿರಣಿಯ ಕಡೆ ಹೊರಟಳು. ಹಣಮಂತ ಅವಳ ಮುಖ ನೋಡಿದವನೇ ಕೇಳದೆಯೇ ಗಿರಣಿ ನಿಲ್ಲಿಸಿದ. ಹಿಟ್ಟಿನ ಚೀಲಗಳ ಹಿಂದೆ ಹೋಗಿ, ಕೆಲಸವಿದ್ದವನ ಹಾಗೆ ನಿಂತುಕೊಂಡ.

ಫೋನು ಎತ್ತಿದ್ದು ಹುಡುಗಿಯಲ್ಲ.

"ನಮಸ್ಕಾರ್. ಕಹಿಯೇ, ಕ್ಯಾ ಚಾಹಿಯೇ ಆಪ್ ಕೋ?"

ಆ ದನಿ! ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀವ್ಯಾಕೆ ಫೋನಿನಲ್ಲಿ?"

ಆ ಕಡೆ ಕುರ್ಚಿ ಸರಿದ ಸದ್ದು.

"ಬರೆಯೋ ಮೇಜಿನಿಂದ ಎಬ್ಬಿಸಿ ಇಲ್ಲಿ ಕೂರಿಸಿದ್ದಾರೆ... ಮಾಲೀಕರನ್ನ ಕೇಳದೆ ಪಿನ್ ಹಾಕಿದ್ದಕ್ಕೆ. ನ್ಯಾಯವೇ." ತಡೆದು ಕೇಳಿದ. "ಒಲೆ?"

"ಉರೀತಾ ಉಂಟು."

"ಅಬ್ಬಾ..." ಅವನು ಉಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. "ಏನು ಬೇಕಿತ್ತು, ಹೇಳಿ ಮೇಡಮ್."

"ಒಬ್ಬ ಮನುಷ್ಯ ಬೇಕಿತ್ತು. ನನ್ನನ್ನು ಕೇಳದೆ ನನ್ನ ವಿಷಯ ತೀರ್ಮಾನ ಮಾಡದವರು."

"ಅಂಥವರು ಸದ್ಯಕ್ಕೆ ನಮ್ಮಲ್ಲಿಲ್ಲ. 'ಕಲೀತಾ ಇರೋರು' ಒಬ್ಬರಿದ್ದಾರೆ."

ವಿನೋದಿನಿ ತುಟಿ ಕಚ್ಚಿದಳು. ನಗಬಾರದು, ಇಷ್ಟು ಬೇಗ ನಗಬಾರದು!

"ಅವರ ಮನೆಯಲ್ಲಿ ಎಂತ ಹೇಳಿಯಾರು?"

"ನಿಮ್ಮನ್ನ ಇಷ್ಟಪಟ್ಟಿದ್ದೀನಿ ಅಂತ ಮೈಸೂರಿಗೆ ಅಮ್ಮನಿಗೆ ಬರೆದಾಯ್ತು. ಸಿಟ್ಟಾಗಿದ್ದಾರೆ."

"ನನ್ನಷ್ಟಾ?"

"ನಿಮ್ಮಷ್ಟು ಯಾರಿಗೂ ಸಾಧ್ಯ ಇಲ್ಲ ರೀ."

"ಆ ಮನುಷ್ಯರ ಎರಡು ಸಾಲು ಓದಿ, ಕೇಳುವ."

"ಇನ್ನೂ ಬರೆದಿಲ್ಲ. ಹತ್ತಿರದಿಂದ ನೋಡಿದವರೇ ಬರೀಬೇಕು. ಅದನ್ನ ನೀವೇ ಕಲಿಸಿದ್ದು."

"ಹಾಗಾದ್ರೆ ಬರ್ಕೊಳ್ಳಿ." ಅವಳ ದನಿ ತೇವವಾಯಿತು. "ತಿರುಮಲೇಶ, ಬಾಂದ್ರಾ. ತಪ್ಪು ಮಾಡ್ತಾರೆ, ಮಾಡಿದ್ದನ್ನು ಮುಚ್ಚಿಡುದಿಲ್ಲ. ಸಾರಿಗೆ ಎಷ್ಟು ಉಪ್ಪು ಬಿದ್ರೂ ಎಲೆಯಲ್ಲಿ ಬಿಡುದಿಲ್ಲ."

ಆ ಕಡೆ ಕಾರ್ಡಿನ ಮೇಲೆ ಪೆನ್ನು ಗೀಚುವ ಸದ್ದು ಕೇಳಿಸಿತು.

"ಬರ್ಕೊಂಡೆ. ಯಾವ ಡ್ರಾಯರ್‌ನಲ್ಲಿ ಇಡ್ಲಿ?"

"ಎಲ್ಲಿ ಬೇಕಾದ್ರೂ ಇಡಿ. ಆದ್ರೆ ಅದಕ್ಕೊಂದು ಕೆಂಪು ಪಿನ್ ಚುಚ್ಚಿ."

"ಯಾಕೆ?"

"ಇನ್ಯಾರು ಕೇಳಿದ್ರೂ ಓದಬಾರ್ದು!"

ಚೀಲಗಳ ಹಿಂದೆ ಹಣಮಂತ ಕೆಮ್ಮಿದ. ಅದು ಹಿಟ್ಟಿನ ಕೆಮ್ಮಲ್ಲ.

"ಮಾಲೀಕರು ಹೇಳಿದ್ರೆ ಮಾತ್ರ ನಾವು ಪಿನ್ ಹಾಕೋದು," ಎಂದ ತಿರುಮಲೇಶ ಮೆಲ್ಲಗೆ. "ಈ ಕಾರ್ಡಿಗೆ ಮಾಲೀಕರು ಯಾರು ಅಂತ ಬರ್ಕೊಳ್ಲಿ?"

"ವಿನೋದಿನಿ ಅಂತ ಬರ್ಕೊಳ್ಳಿ. ಮತ್ತೆ ಭಾನುವಾರ ಊಟಕ್ಕೆ ಬನ್ನಿ. ಸಿಟ್ಟು ಪೂರ್ತಿ ಇಳಿದಿಲ್ಲ ನನಗೆ... ಉಪ್ಪು ಹೆಚ್ಚಾದೀತು."

"ಆಗ್ಲಿ ಬಿಡಿ. ಎರಡು ಲೋಟ ನೀರು ಇಟ್ಟಿರಿ."